ಮೆಲುದನಿಯ ಹೊಸಿಲು

“ಜೋರಾಗಿ ಹಾಡೇ!” ಎನ್ನುವುದು ಕನ್ನಡ ಟೀಚರಾದ ನನ್ನ ಬಾಯಿಗೆ ಮೂವತ್ತು ವರ್ಷಗಳಿಂದ ಅಂಟಿಕೊಂಡ ಮಾತು. 2023ರ ಸ್ವಾತಂತ್ರ್ಯೋತ್ಸವದ ತಾಲೀಮಿನಲ್ಲೂ ಅದನ್ನೇ ಅಂದೆ. ಕರೆಂಟು ಹೋಗಿ ಶಾಲೆಯ ಹಳೇ ಮೈಕ್‌ಸೆಟ್ಟು ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಏಳನೇ ತರಗತಿಯ ಹುಡುಗಿಯೊಬ್ಬಳ ಮೆಲುದನಿ ಮೊದಲು ಚೆನ್ನಾಗಿಯೇ ಇತ್ತು. ಬರಬರುತ್ತಾ ಕರಕರ ಎಂದು ಒಡೆಯಿತು. ಅವಳನ್ನು ಹಿಂದಿನ ಸಾಲಿಗೆ ಕಳಿಸಿ ಗಟ್ಟಿ ಗಂಟಲಿನವಳನ್ನು ಮುಂದೆ ನಿಲ್ಲಿಸಿದೆ. ಅವಳ ದನಿ ಅಷ್ಟೇನೂ ಒಡೆಯಲಿಲ್ಲ. ನನ್ನ ತೀರ್ಮಾನವೇ ಸರಿ ಎಂದುಕೊಂಡೆ.

ಆದರೂ ಸಂಜೆ ಸೆಟ್ಟನ್ನು ರಿಪೇರಿಗೆ ಒಯ್ದೆ. ಅಂಗಡಿಯವನು ನನ್ನ ಹಳೇ ಶಿಷ್ಯ. “ಹುಡುಗಿ ದನಿಯೂ ಸರಿಯಿಲ್ಲ ಕಣೋ” ಎಂದೆ. “ಇಲ್ಲ ಮೇಡಂ, ತಪ್ಪು ಇದರದೇ” ಎನ್ನುತ್ತಾ ಮುಚ್ಚಳ ಬಿಚ್ಚಿದ.

ಟ್ರಾನ್ಸಿಸ್ಟರ್ ಎಚ್ಚರಗೊಳ್ಳಲು ಸುಮಾರು 0.6 ವೋಲ್ಟ್ ಬೇಕಂತೆ. ಅಷ್ಟನ್ನು ಮೊದಲೇ ಕೊಟ್ಟು ಅದನ್ನು ಹೊಸಿಲ ಬಳಿ ಸಜ್ಜಾಗಿ ನಿಲ್ಲಿಸಿರಬೇಕು. ಈ ಹಳೇ ಸರ್ಕ್ಯೂಟಿನಲ್ಲಿ ರೆಸಿಸ್ಟರ್‌ಗಳು ಬ್ಯಾಟರಿಯ ವೋಲ್ಟೇಜಿನಲ್ಲೇ ಪಾಲು ಮಾಡಿ ಅದನ್ನು ಕೊಡುತ್ತಿದ್ದವು. ತುಂಬಿದ ಬ್ಯಾಟರಿಯ 12.6 ವೋಲ್ಟ್ 11ಕ್ಕೆ ಇಳಿದರೆ ಆ ಪಾಲೂ ಇಳಿಯುತ್ತದೆ. ಆಗ ದೊಡ್ಡ ದನಿ ಹೇಗೋ ಹೊಸಿಲು ದಾಟುತ್ತದೆ, ಮೆಲುದನಿ ಎಡವುತ್ತದೆ.

ಅವನು ಅಲ್ಲಿ ಡಯೋಡ್‌ಗಳನ್ನು ಹಾಕಿದ. ಬ್ಯಾಟರಿ ಏರಿಳಿದರೂ ಅವುಗಳ ವೋಲ್ಟೇಜು ಹೆಚ್ಚು ಕದಲದು. ಸಿಲಿಂಡರು ತುಂಬಿರಲಿ, ತಳ ಕಂಡಿರಲಿ, ರೆಗ್ಯುಲೇಟರು ಒಲೆಗೆ ಒಂದೇ ಹದದಲ್ಲಿ ಗ್ಯಾಸು ಬಿಡುವುದಿಲ್ಲವೇ, ಹಾಗೆ. ಒಳ್ಳೆಯ ಆಂಪ್ಲಿಫೈಯರ್‌ಗಳಲ್ಲಿ ಇನ್ನೊಂದು ಉಪಾಯವೂ ಉಂಟು: ಹೊರಬಂದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ತಂದು, ಒಳಬಂದದ್ದರೊಡನೆ ಹೋಲಿಸಿ ತಿದ್ದಿಕೊಳ್ಳುವುದು. ಇದು 1927ರಲ್ಲಿ ಅಮೆರಿಕದ ಇಂಜಿನಿಯರ್ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ಕೆಲಸಕ್ಕೆಂದು ಹಡ್ಸನ್ ನದಿ ದಾಟುವಾಗ ಹೊಳೆದದ್ದು. ನಾವು ಸಾರನ್ನು ಸೌಟಿನ ತುದಿಯಲ್ಲಿ ರುಚಿ ನೋಡಿ ಉಪ್ಪು ಸರಿಮಾಡುತ್ತೇವಲ್ಲ, ಅದೇ ಲೆಕ್ಕ!

“ಬ್ಯಾಟರಿ ಪೂರ್ತಿ ಡೌನಾದ್ರೆ ಮಾತ್ರ ಯಾವ ಉಪಾಯವೂ ನಡೆಯಲ್ಲ ಮೇಡಂ” ಎಂದು ನಕ್ಕ. ನನಗೆ ನಗು ಬರಲಿಲ್ಲ. ತಪ್ಪಿದ್ದದ್ದು ಪೆಟ್ಟಿಗೆಯಲ್ಲಿ, ಹಿಂದೆ ಸರಿದದ್ದು ಹುಡುಗಿ.

ಮರುದಿನ ಎಲ್ಲರೆದುರೇ ಅವಳನ್ನು ಕರೆದೆ. “ನಿನ್ನ ದನಿಯಲ್ಲಿ ತಪ್ಪಿರಲಿಲ್ಲ ಕಣೇ, ನಾನೇ ತಪ್ಪು ತಿಳಿದೆ” ಎಂದೆ. ಅವಳು ನಂಬದವಳಂತೆ ನೋಡಿದಳು. “ಜೋರಾಗಿ ಹಾಡಬೇಕಾ ಮೇಡಂ?”

“ಬೇಡ. ನಿನಗೆ ಹೇಗೆ ಬರುತ್ತೋ ಹಾಗೇ ಹಾಡು.”

ಹಾಡಿದಳು. ಕೊನೆಯ ಸಾಲಿನವರೆಗೂ ಕೇಳಿಸಿತು. ಆ ಸಾಲಿಗೆ ಈ ಮೂವತ್ತು ವರ್ಷಗಳಲ್ಲಿ ನಾನು ಕಳಿಸಿದವರೆಷ್ಟು ಮಂದಿಯೋ ಎಂದು ಎಣಿಸುತ್ತಾ ನಿಂತೆ.