ಕೇಳಿ

ಕನ್ನಡದಲ್ಲಿ 'ಕೇಳಿ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಎಂಬುದೊಂದು, ಆಟ, ವಿನೋದ ಎಂಬುದು ಮತ್ತೊಂದು. ಮೊದಲನೆಯದು ಅಚ್ಚಗನ್ನಡದ ಧಾತುವಿನಿಂದ ಬಂದುದು. ಜಲಕೇಳಿ, ವನಕೇಳಿ ಎಂದು ಕಾವ್ಯಗಳಲ್ಲಿ ಬರುವ ಎರಡನೆಯದು ಸಂಸ್ಕೃತದ್ದು. ಇವಕ್ಕೆ ಒಂದಕ್ಕೊಂದು ನಂಟಿಲ್ಲವೆಂದು ಬಲ್ಲವರು ಹೇಳುವರು. ನಂಟಿಲ್ಲದ ಈ ಎರಡು ಮಾತುಗಳು ಒಂದೇ ಮನೆಯಲ್ಲಿ ಸಂಸಾರ ಹೂಡಿದುದನ್ನು ನಾನು ಕಂಡಿರುವೆನಾದುದರಿಂದ ಆ ವಿಷಯವನ್ನು ಇಲ್ಲಿ ಬರೆಯುತ್ತಿರುವೆನು.

ನನ್ನ ತಂಗಿಯ ಮಗಳು ಒಂಬತ್ತನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡಳು. ಅದರ ಕಥೆ ಇಲ್ಲಿ ಬೇಡ. ಆ ಮೇಲೆ ಮನೆಯಲ್ಲಿ ಅವಳಿಗೆ ಉಳಿದ ಆಟವೆಂದರೆ ಅಳಗುಳಿಮನೆಯೊಂದೇ. ಏಳೇಳು ಗುಳಿಗಳ ಎರಡು ಸಾಲು, ಹಿಡಿ ಹುಣಿಸೆಬೀಜ. ಬೆರಳೇ ಎಲ್ಲವನ್ನೂ ಎಣಿಸಬಲ್ಲುದು, ಕಣ್ಣುಳ್ಳವರಿಗೆ ಅದರಲ್ಲಿ ಹೆಚ್ಚಿನ ಅನುಕೂಲವೇನೂ ಇಲ್ಲ. ಆದರೆ ಅವಳ ಅಣ್ಣನು ಮೊಬೈಲಿನಲ್ಲಿ ಆಡುವ ಆಟಗಳ ಬಳಿ ಅವಳು ಕುಳಿತು ಬರಿಯ ಸದ್ದನ್ನು ಕೇಳಬೇಕಾಗಿದ್ದಿತು. "ಈಗೇನಾಯಿತೋ ಅಣ್ಣಾ?" ಎಂದು ಅವಳು ಕೇಳಿ, ಅವನು ಉತ್ತರ ಹೇಳುವಷ್ಟರಲ್ಲಿ ಅಲ್ಲಿಯ ಸಂಗತಿಯೇ ಬೇರೆಯಾಗಿರುತ್ತಿದ್ದಿತು. ಮರುಕವುಳ್ಳ ಮಹನೀಯರೊಬ್ಬರು ಅವಳಿಗಾಗಿಯೇ ಒಂದು ಆಟವನ್ನು ತಂದುಕೊಟ್ಟರು. ಯಾವ ಗುಂಡಿಯನ್ನೊತ್ತಿದರೂ ಅದು ಘಂಟೆ ಬಾರಿಸಿ 'ಶಹಭಾಸ್' ಎನ್ನುತ್ತಿದ್ದಿತು. ಅವಳು ಹತ್ತು ನಿಮಿಷ ಒತ್ತಿ, ನನ್ನ ಕಡೆಗೆ ತಿರುಗಿ, "ಮಾವ, ಇದರಲ್ಲಿ ಸೋಲುವುದು ಹೇಗೆ?" ಎಂದು ಕೇಳಿದಳು.

ಸೋಲುವ ಹಕ್ಕಿಲ್ಲದವನಿಗೆ ಆಟದಲ್ಲಿ ಪಾಲಿಲ್ಲವೆಂಬುದನ್ನು ನಮ್ಮ ಕನಿಕರವು ಬಹು ನಿಧಾನವಾಗಿ ಅರಿಯುವುದು. ಅಂಧರ ಕ್ರಿಕೆಟ್ಟನ್ನು ನೋಡಿದವರಿಗೆ ಇದು ತಿಳಿದಿರುವುದು. ಅಲ್ಲಿ ಚೆಂಡಿನೊಳಗೆ ಗುಂಡುಗಳನ್ನಿಟ್ಟು ಗಲಗಲ ಎನ್ನಿಸುವರು. ಕೈಯನ್ನು ಕೆಳಗಿನಿಂದ ಬೀಸಿ ನೆಲದ ಮೇಲೆ ಎಸೆಯುವರು. ನಿಯಮಗಳು ಚೆಂಡನ್ನು ಕಣ್ಣಿನಿಂದ ಕಿವಿಗೆ ದಾಟಿಸಿವೆಯೇ ಹೊರತು ಆಟವನ್ನು ಸುಲಭವಾಗಿಸಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಭಾರತವು ಗೆದ್ದಾಗ ನಾಯಕರಾಗಿದ್ದವರು ನಮ್ಮ ಶಿವಮೊಗ್ಗ ಸೀಮೆಯ ಶೇಖರ್ ನಾಯ್ಕರು.

ಚಿತ್ರವಿಲ್ಲದ ಕಂಪ್ಯೂಟರ್ ಆಟವೂ ಹೊಸ ಮಾತಲ್ಲ. ಜಪಾನಿನ ಕೆಂಜಿ ಈನೋ ಎಂಬವರು ತಮ್ಮ ಆಟಗಳನ್ನು ಕಣ್ಣಿಲ್ಲದವರೂ ಹೇಗೋ ಹೆಣಗಿ ಆಡುತ್ತಿರುವರೆಂದು ತಿಳಿದು, ಅಂಥವರನ್ನು ಕಂಡು ಮಾತನಾಡಿ, 1997ರಲ್ಲಿ 'ರಿಯಲ್ ಸೌಂಡ್' ಎಂಬುದನ್ನು ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ರಚಿಸಿದರು. ಅದರ ಪರದೆಯ ಮೇಲೆ ನೋಡತಕ್ಕುದೇನೂ ಇರಲಿಲ್ಲ. ಕಣ್ಣುಳ್ಳವನಿಗೂ ಇಲ್ಲದವನಿಗೂ ಒಂದೇ ಆಟ. ಈಚೆಗೆ 2020ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗದಲ್ಲಿ ಅರುವತ್ತಕ್ಕೂ ಮಿಕ್ಕ ಅನುಕೂಲಗಳನ್ನು ಅಳವಡಿಸಿದುದರಿಂದ ಅಂಧರು ಪರಸಹಾಯವಿಲ್ಲದೆ ಅದನ್ನು ಕೊನೆಮುಟ್ಟಿಸಿರುವರು. ಆದರೆ ಇವುಗಳ ಆಯುಸ್ಸು ಅಲ್ಪ. ಐಫೋನಿನಲ್ಲಿ 2010ರಲ್ಲಿ ಹೆಸರಾದ 'ಪಾಪಾ ಸಾಂಗ್ರೆ'ಯು ಈಗ ಮಾರಾಟದಲ್ಲಿಯೇ ಇಲ್ಲ.

ತಂಗಿಯ ಮಗಳು ಬೆಳೆದು, ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ವಿದ್ಯೆಯನ್ನು ಕಲಿತು, ತಾನೇ ಒಂದು ಆಟವನ್ನು ಕಟ್ಟತೊಡಗಿದಳು. ಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ ಮೈಕು ಹಿಡಿಯುವ ಚಾಕರಿ ದೊರೆಯಿತು.

ವಸ್ತುವನ್ನು ಅವಳು ತಂದೆಯಿಂದ ಪಡೆದಳು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ಅಪರಾತ್ರಿಯಲ್ಲಿ. ಆಗ ರೈತನು ಎದ್ದು ಹೋಗಿ ಅಡಕೆಯ ತೋಟಕ್ಕೆ ನೀರು ಹಾಯಿಸಬೇಕು. ಕೈಯಲ್ಲಿ ಬ್ಯಾಟರಿ ಇದ್ದರೂ ಅವನು ಕೆಲಸ ಮಾಡುವುದು ಬಹುಮಟ್ಟಿಗೆ ಕಿವಿಯಿಂದಲೇ: ಯಾವ ಸಾಲಿನಲ್ಲಿ ನೀರು ಓಡುತ್ತಿದೆ, ಎಲ್ಲಿ ನಿಂತಿತು, ಎಲ್ಲಿ ಬದು ಒಡೆದು ಸೋರುತ್ತಿದೆ, ಮೋಟಾರಿನ ದನಿ ಹೇಗಿದೆ. ಆಟದಲ್ಲಿಯೂ ಅಷ್ಟೆ. ಹನ್ನೆರಡು ಸಾಲು, ಕರೆಂಟು ಹೋಗುವುದರೊಳಗೆ ಮಡೆಗಳನ್ನು ತಿರುವಿ ಎಲ್ಲ ಸಾಲುಗಳಿಗೂ ನೀರುಣಿಸಬೇಕು. ತಪ್ಪಿದರೆ ಸಾಲು ಒಣಗುವುದು. ಮಾರನೆಯ ರಾತ್ರಿ ಆ ಸಾಲು ಇನ್ನೂ ಹೆಚ್ಚು ನೀರನ್ನು ಬೇಡುವುದು.

ಕಣ್ಣಿಲ್ಲದವರಿಗೆ ದೈವವು ಬೇರೊಂದು ಸೂಕ್ಷ್ಮವಾದ ಕಿವಿಯನ್ನು ಕೊಟ್ಟಿರುವುದೆಂದು ಜನರು ಹೇಳುವುದುಂಟು. ಈ ಮಾತನ್ನು ಕೇಳಿದರೆ ಅವಳಿಗೆ ಸಿಡುಕು. ಇರುವುವು ಅವೇ ಎರಡು ಕಿವಿಗಳು, ಕೂಡಿರುವುದು ಅಭ್ಯಾಸ. ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮುಟ್ಟಲು ಹೆಚ್ಚೆಂದರೆ ಸೆಕೆಂಡಿನ ಹತ್ತುಸಾವಿರದಲ್ಲಿ ಆರೇಳು ಪಾಲು ತಡವಾಗುವುದು. ತಲೆಯ ಮರೆಯಿಂದ ಸ್ವಲ್ಪ ಕುಗ್ಗುವುದು. ಇಷ್ಟರಿಂದಲೇ ನಾವು ದಿಕ್ಕನ್ನರಿಯುವೆವೆಂದು ಲಾರ್ಡ್ ರೇಲಿಯವರು 1907ರಲ್ಲಿ ವಿವರಿಸಿದರು. ಆದರೆ ನೇರ ಮುಂದಿನ ಸದ್ದಿಗೂ ನೇರ ಹಿಂದಿನ ಸದ್ದಿಗೂ ಈ ವ್ಯತ್ಯಾಸಗಳೆರಡೂ ಇಲ್ಲ. ಬಯಲಿನಲ್ಲಾದರೆ ತಲೆಯನ್ನು ತುಸು ತಿರುಗಿಸಿ, ಕಿವಿಯ ಹಾಲೆಯ ಸಹಾಯವನ್ನೂ ಪಡೆದು ನಿರ್ಧರಿಸುವೆವು. ಹೆಡ್‌ಫೋನನ್ನು ಹಾಕಿಕೊಂಡಾಗ ತಲೆಯ ಜತೆಗೆ ಸದ್ದೂ ತಿರುಗುವುದಷ್ಟೆ! ಅದಕ್ಕೆಂದು ಅವಳು ಹಿಂದಿನ ಸದ್ದುಗಳನ್ನು ತುಸು ಮಂಕುಮಾಡಿ, ಆಡುವವನು ಒಂದು ಕೀಲಿಯನ್ನೊತ್ತಿ ನಿಂತಲ್ಲೇ ತಿರುಗಿ ಹೋಲಿಸಿಕೊಳ್ಳುವಂತೆ ಮಾಡಿದಳು.

ಕಾಲ ಕೆಳಗಣ ನೆಲವನ್ನು ಹೆಜ್ಜೆಯ ಸದ್ದೇ ಹೇಳಬೇಕು. ಒಣಗಿದ ಸೋಗೆಯ ಮೇಲೆ, ಹಸಿ ಬದುವಿನ ಮೇಲೆ, ಕಾಲುವೆಗೆ ಹಾಸಿದ ಕಲ್ಲಿನ ಮೇಲೆ ನಾನು ನಡೆದ ನಡೆಗೆ ಲೆಕ್ಕವಿಲ್ಲ. ಅತಿ ದೊಡ್ಡ ತೊಡಕು ಬಂದುದು ಜೀರುಂಡೆಗಳಿಂದ. ತೋಟದ ರಾತ್ರಿಯನ್ನು ಇದ್ದಂತೆಯೇ ಹಿಡಿದು ತಂದರೆ ಅವುಗಳ ದನಿಯಲ್ಲಿ ನೀರಿನ ದನಿ ಮುಳುಗಿಹೋಗುವುದು. ನಾನು ಅವುಗಳನ್ನು ತೆಗೆದುಬಿಡೆಂದೆನು. ಅವಳು ತೆಗೆಯದೆ ತಗ್ಗಿಸಿ, ಯಾವುದಾದರೂ ಪ್ರಾಣಿ ಬಳಿ ಸುಳಿದಾಗ ಆ ದಿಕ್ಕಿನ ಜೀರುಂಡೆಗಳು ಮಾತ್ರ ತಟಕ್ಕನೆ ಸುಮ್ಮನಾಗುವಂತೆ ಮಾಡಿದಳು. ತೋಟದಲ್ಲಿ ನಡೆಯುವುದೂ ಹಾಗೆಯೇ. ಆ ಮೌನವನ್ನು ಮೊದಲ ಬಾರಿ ಕೇಳಿದಾಗ ಹಗಲಿನಲ್ಲಿಯೇ ನನ್ನ ಮೈ ಜುಮ್ಮೆಂದಿತು.

ಎಲ್ಲೆಲ್ಲಿಯೂ ನಿಜವನ್ನೇ ಹಿಡಿದರೆ ಸಾಗದು. ಪಾತಿ ತುಂಬಿದುದು ನಿಜವಾಗಿ ಕಿವಿಗೆ ಅಷ್ಟಾಗಿ ತಿಳಿಯದು. ಕೊಡ ತುಂಬುವಾಗಲಾದರೋ ಒಳಗಿನ ಗಾಳಿಯ ಕಂಬವು ಮೊಟಕಾದಂತೆ ಸ್ವರವು ಏರುತ್ತ ಹೋಗುವುದನ್ನು ನೀರು ಹಿಡಿದವರೆಲ್ಲ ಬಲ್ಲರು. ಅವಳು ಪಾತಿಗೆ ಕೊಡದ ಸ್ವರವನ್ನು ಕೊಟ್ಟಳು. ಇದು ಸುಳ್ಳಲ್ಲವೆ ಎಂದುದಕ್ಕೆ, "ಭೂಪಟದಲ್ಲಿ ಹೊಳೆಗೆ ನೀಲಿ ಬಳಿಯುವುದಿಲ್ಲವೇ ಮಾವ?" ಎಂದಳು. ನಾನು ಒಪ್ಪಿದೆನು.

ಮಾತಿನ ವಿಷಯದಲ್ಲಿ ಅವಳು ಕಠಿಣೆ. ಯಂತ್ರದ ದನಿ ಹೇಳುವುದನ್ನು ಯಾವಾಗ ಬೇಕಾದರೂ ನಡುವೆ ತಡೆಯಬಹುದಾಗಿರಬೇಕು, ಅದರ ವೇಗವನ್ನು ಆಡುವವನೇ ಹೆಚ್ಚಿಸಿಕೊಳ್ಳಬೇಕು. ಅವಳು ಕೇಳುವ ವೇಗದಲ್ಲಿ ಆ ಕನ್ನಡ ನನಗೆ ಕಾಳು ಸುರಿದಂತೆ ಕೇಳಿಸುವುದು. ಪರೀಕ್ಷೆಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸ್ನೇಹಿತರು ಒದಗಿ ಬಂದಾಗ ಅವರನ್ನು ಬೇಡವೆಂದಳು. ಅವರಿಗಿರುವುದು ಅಂದಿನ ದಿಗಿಲು ಮಾತ್ರ, ಬಾಳಿನ ರೂಢಿಯಲ್ಲವೆಂದು ಅವಳ ವಾದ. ತನ್ನಂತಹ ಐದಾರು ಮಂದಿಗೆ ಆಟವನ್ನು ಕಳುಹಿ, ಅವರು ಎಲ್ಲಿ ದಾರಿ ತಪ್ಪಿದರೆಂಬುದನ್ನು ಬರೆದಿಟ್ಟುಕೊಂಡಳು. ಅವರಲ್ಲೊಬ್ಬರಿಗೆ ಒಂದು ಕಿವಿ ಮಂದ. ದಿಕ್ಕೆಲ್ಲ ಎಡಬಲಗಳ ಭೇದದಿಂದಲೇ ತಿಳಿಯುವ ಆಟ ಅವರಿಗೆ ಮುಚ್ಚಿದ ಬಾಗಿಲು. ಅವರಿಗಾಗಿ ದಿಕ್ಕನ್ನು ಮೊಬೈಲಿನ ನಡುಕದಿಂದ ತಿಳಿಸುವ ಏರ್ಪಾಡನ್ನು ಸೇರಿಸಲು ಎರಡು ತಿಂಗಳು ಹಿಡಿಯಿತು.

ಅಣ್ಣನು ಇದನ್ನು ಆಡಿ ಸತತ ನಾಲ್ಕು ರಾತ್ರಿಗಳ ಬೆಳೆಯನ್ನು ಒಣಗಿಸಿದನು. ಪರದೆಯ ಮೇಲೆ ಒಂದು ಸಣ್ಣ ದೀಪದ ಬೆಳಕನ್ನಾದರೂ ಇಡೆಂದು ಅವನು ಬೇಡಿದುದನ್ನು ಅವಳು ನಗುತ್ತ ನಿರಾಕರಿಸಿದಳು. ಅವನು ಛಲ ಹಿಡಿದು ಕಲಿತನು; ಈಗ ಇಬ್ಬರಿಗೂ ಸರಿಸಮನಾದ ಜಗಳ ನಡೆಯುವುದು.

ಉಳಿದಿರುವ ವಿವಾದ ಒಂದೇ. ಆಟದ ನಡುವೆ ಒಮ್ಮೊಮ್ಮೆ ಕರೆಂಟು ಹೋಗಿ ಮೋಟಾರು ನಿಲ್ಲುವುದು. ಮರಳಿ ಬರುವವರೆಗೆ ಆಡುವವನು ಕತ್ತಲಲ್ಲಿ ಬದುವಿನ ಮೇಲೆ ಕುಳಿತಿರಬೇಕು. ಆಗ ಜೀರುಂಡೆಯ ದನಿ, ದೂರದಲ್ಲಿ ನಾಯಿ, ಅಷ್ಟೆ. ಇಷ್ಟು ಹೊತ್ತು ಸುಮ್ಮನೆ ಕುಳ್ಳಿರಿಸಿದರೆ ಜನ ಎದ್ದುಹೋಗುವರೆಂದು ಅಣ್ಣನ ವಾದ. ಅಪ್ಪ ಕುಳಿತಿರುತ್ತಿದ್ದುದೂ ಹಾಗೆಯೇ ಎಂದು ಅವಳ ಹಟ. ಸದ್ಯಕ್ಕೆ ಆ ಅವಧಿಯನ್ನು ನಲವತ್ತು ಸೆಕೆಂಡಿಗೆ ಇಳಿಸಿರುವಳು. ಅದಕ್ಕಿಂತ ಒಂದು ಸೆಕೆಂಡನ್ನೂ ಬಿಟ್ಟುಕೊಡಲು ಒಪ್ಪಿಲ್ಲ.