ಬ್ಯಾಟರಿ ಬದಲಿಸುವ ಮುನ್ನ

ಸಕಲೇಶಪುರ, ಆಲೂರಿನ ತೋಟಗಳಲ್ಲಿ ಹಳೆಯ ಜೀಪು, ಮಾರುತಿ 800 ಇನ್ನೂ ದುಡಿಯುತ್ತಿವೆ. ಮಳೆ ಹಿಡಿದರೆ ಹೆಡ್‌ಲೈಟ್ ಒಮ್ಮೆ ಚೆನ್ನಾಗಿ ಉರಿಯುತ್ತದೆ, ಒಮ್ಮೆ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟೂ ಮಿನುಗುತ್ತದೆ. ಕೂಡಲೇ ಹೊಸ ಬ್ಯಾಟರಿಗೆ ದುಡ್ಡು ಸುರಿಯಬೇಡಿ, ಮೊದಲು ಬಾಡಿ ಅರ್ಥ್, ಅಂದರೆ ಅರ್ಥ್ ವೈರನ್ನು ಗಾಡಿಯ ಮೈಗೆ ಬೋಲ್ಟಿನಿಂದ ಬಿಗಿದ ಜಾಗ ನೋಡಿ. ಬೋಲ್ಟಿನಡಿ ತುಕ್ಕು, ವೈರಿನ ತುದಿಯಲ್ಲಿ ಹಸಿರು ಕಿಲುಬು ಕೂತರೆ ಕರೆಂಟು ವಾಪಸಾಗುವ ದಾರಿಯೇ ಕಟ್ಟಿಹೋಗುತ್ತದೆ.

ಲೈಟ್ ಹಾಕಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಲೈಟಿನ ಅರ್ಥ್ ವೈರಿಗೆ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ ಎಂದೇ ಲೆಕ್ಕ. ವೈರು ಅಲುಗಾಡಿಸುತ್ತಾ ಹೋಗಿ, ಅಂಕಿ ಜಿಗಿದ ಕಡೆ ದೋಷ ಸಿಗುತ್ತದೆ. ಉಜ್ಜಿ, ಬಿಗಿ ಮಾಡಿ, ಗ್ರೀಸ್ ಹಚ್ಚಿ.

ಶಿರಾಡಿ, ಬಿಸಿಲೆ ಘಾಟಿಯ ಮಂಜಿನ ತಿರುವಿನಲ್ಲಿ ಲೈಟು ಕೈಕೊಟ್ಟರೆ ಜೀವಕ್ಕೇ ಕುತ್ತು. ದಯವಿಟ್ಟು ಮಳೆಗೆ ಮುಂಚೆ, ಮೇ ತಿಂಗಳಲ್ಲೇ ನೋಡಿಸಿಕೊಳ್ಳಿ.