ಬಫಲೋದ ಹಿಮವೂ ಅಳಿಯನ ಯಂತ್ರವೂ

ಕಾಸರಗೋಡಿನ ಕಡೆಯ ಅಡಿಕೆ ತೋಟಗಳ ನಡುವೆ ಹುಟ್ಟಿ ಬೆಳೆದು, ಅಲ್ಲಿಯದೇ ಕನ್ನಡ ಶಾಲೆಯೊಂದರಲ್ಲಿ ಮೂರು ದಶಕ ಪಾಠ ಹೇಳಿದ ನಮಗೆ ಆಕಾಶದಿಂದ ನೀರು ಸುರಿಯುವುದು ಹೊಸತಲ್ಲ. ಆದರೆ ಸುರಿದುದು ಹರಿದು ಹೋಗದೆ ಅಂಗಳದಲ್ಲಿಯೇ ನಿಂತು ಮನೆಯ ಬಾಗಿಲನ್ನೇ ಕಟ್ಟುವ ಊರನ್ನು ಕಂಡುದು 2023ರ ನವೆಂಬರಿನಲ್ಲಿ. ಮಗಳ ಬಾಣಂತನಕ್ಕೆಂದು ದೀರ್ಘ ರಜೆ ಪಡೆದು, ಮನೆಯವರೊಂದಿಗೆ ನಾವು ಅಮೆರಿಕೆಯ ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ ಹೋಗಿದ್ದೆವು. ನಯಾಗರಾ ಜಲಪಾತವು ಅಲ್ಲಿಂದ ಸುಮಾರು 30 ಕಿಲೋಮೀಟರು ದೂರದಲ್ಲಿದೆ.

ಈರೀ ಸರೋವರದ ಪೂರ್ವದ ತುದಿಯಲ್ಲಿರುವ ಈ ನಗರದ ಹಿಮಕ್ಕೆ ಕಾರಣವನ್ನು ನಮ್ಮ ಮಕ್ಕಳಿಗೆ ಕರಿಹಲಗೆಯ ಮೇಲೆ ಸುಲಭವಾಗಿ ತೋರಿಸಬಹುದು. ನಮ್ಮಲ್ಲಿ ನೈಋತ್ಯದ ಗಾಳಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ತಂದು ಘಟ್ಟದ ಇಳಿಜಾರಿನಲ್ಲಿ ಸುರಿಯುತ್ತದೆ. ಅಲ್ಲಿ ಶೀತದ ಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದು, ತೇವವನ್ನು ಹೀರಿ, ದಡ ಸೇರುತ್ತಲೇ ಹಿಮವಾಗಿ ಕೆಡವುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 95 ಅಂಗುಲ. 2022ರ ನವೆಂಬರಿನಲ್ಲಿ ನಗರದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 80 ಅಂಗುಲ ಬಿದ್ದಿತ್ತು. ಅದೇ ಡಿಸೆಂಬರಿನ ಹಿಮಬಿರುಗಾಳಿಗೆ ಬಫಲೋ ಸೀಮೆಯಲ್ಲಿ 40ಕ್ಕೂ ಹೆಚ್ಚು ಜನ ಬಲಿಯಾಗಿದ್ದರು.

ಮೊದಲ ಹಿಮ ಬಿದ್ದ ದಿನ ಅಳಿಯನು ರಾತ್ರಿಪಾಳಿಯಿಂದ ಇನ್ನೂ ಮರಳಿರಲಿಲ್ಲ. ತೋಟದಲ್ಲಿ ಗುದ್ದಲಿ ಹಿಡಿದ ಕೈಯಲ್ಲವೇ ಎಂಬ ಹಮ್ಮಿನಿಂದ ನಾವು ಸಲಿಕೆ ತೆಗೆದುಕೊಂಡು ಅಂಗಳಕ್ಕಿಳಿದೆವು. ಮನೆಯಿಂದ ಬೀದಿಗೆ ಅರುವತ್ತು ಅಡಿಯ ದಾರಿ. ಅರ್ಧ ಮುಗಿಯುವುದರೊಳಗೆ ಎದೆ ಬಿಗಿದು ಉಸಿರು ಸಿಕ್ಕಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟೆವು. ಕಣ್ಣೆತ್ತಿ ನೋಡಿದರೆ, ಹೆತ್ತು ತಿಂಗಳು ತುಂಬದ ಮಗಳು ನಮ್ಮ ಸಲಿಕೆಯನ್ನೆತ್ತಿಕೊಂಡು ನಿಂತಿದ್ದಳು!

"ಅಪ್ಪಾ, ಪಕ್ಕದ ಮನೆಯ ಅಜ್ಜ ಹೋದದ್ದೂ ಹೀಗೆಯೇ, ಸಲಿಕೆ ಹಿಡಿದಾಗಲೇ. ನೀವು ಒಳಗೆ ಬನ್ನಿ" ಎಂದಳು.

ಚಳಿಗೆ ರಕ್ತನಾಳಗಳು ಸಂಕುಚಿಸುತ್ತವೆ; ಆಗಲೇ ಭಾರವೆತ್ತಿದರೆ ಹೃದಯಕ್ಕೆ ಇಮ್ಮಡಿ ಹೊರೆ. ಪಾಠ ಹೇಳುವ ನಮಗೇ ಇದು ಅಂದು ಅರ್ಥವಾಯಿತು. ಹಿಮ ತೂರುವ ಯಂತ್ರವೊಂದು ಬರಲೇಬೇಕೆಂದು ಆ ಸಂಜೆಯೇ ನಿಶ್ಚಯವಾಯಿತು.

ಅಲ್ಲಿ ಅದನ್ನು ಸ್ನೋ ಬ್ಲೋವರ್ ಎನ್ನುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ಎಂಬವರು 1925ರಲ್ಲಿ ನಿರ್ಮಿಸಿದ ದೊಡ್ಡ ಯಂತ್ರವೇ ಇದರ ಹಿರಿಯಣ್ಣ. ಅಂಗಡಿಯಲ್ಲಿ ಸಾಲಾಗಿ ನಿಂತವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆಯೇ ನಮ್ಮ ಕಣ್ಣು ಬಿತ್ತು. ಬೆಲೆ ಎರಡು ಸಾವಿರ ಡಾಲರು. "ಉಳಿದುದನ್ನು ನಾವು ಕೊಡುತ್ತೇವೆ" ಎಂದೆವು.

"ಬೇಡ ಮಾವ. ಮನೆಸಾಲದ ಕಂತು ಇದೆ. ಏಳುನೂರು ನನ್ನ ಕೈಯಲ್ಲಿದೆ. ಅದರೊಳಗೇ ನೋಡೋಣ" ಎಂದು ಅಳಿಯನು ಮೆಲ್ಲನೆ ಹೇಳಿದನು. ಆ ಮಾತಿನ ಹಿಂದಿನ ಸ್ವಾಭಿಮಾನವನ್ನು ಕಂಡು ನಾವು ಸುಮ್ಮನಾದೆವು.

ಆಗ ನೆನಪಾದುದು ನಮ್ಮೂರಿನ ರೂಢಿ. ಕೊಳೆರೋಗಕ್ಕೆ ಔಷಧಿ ಬಿಡುವ ಪಂಪನ್ನು ಕೊಳ್ಳುವಾಗ ನಮ್ಮ ತೀರ್ಥರೂಪರು ಬಣ್ಣವನ್ನು ನೋಡಿದವರಲ್ಲ. "ಮಳೆಗಾಲದ ನಡುವೆ ವಾಷರು ಹರಿದರೆ ಪೇಟೆಯಲ್ಲಿ ಸಿಕ್ಕೀತೋ? ಬಿಚ್ಚಿ ಜೋಡಿಸಬಲ್ಲವರು ಇದ್ದಾರೋ?" ಇವೆರಡೇ ಅವರ ಪ್ರಶ್ನೆಗಳು. ಅದನ್ನೇ ಹಿಡಿದು, ಬೀದಿಯ ತುದಿಯಲ್ಲಿದ್ದ ದುರಸ್ತಿ ಮಳಿಗೆಯೊಂದಕ್ಕೆ ಹೋದೆವು.

ಅಲ್ಲಿಯ ವೃದ್ಧ ಮೇಸ್ತ್ರಿ ಮೂರು ಬಗೆಯನ್ನು ಬಿಡಿಸಿ ಹೇಳಿದರು. ವಿದ್ಯುತ್ತಿನ ಸಣ್ಣ ಯಂತ್ರವು ಅಗ್ಗ. ಮೆಟ್ಟಿಲಿನ ಮುಂದಿನ ಹಗುರ ಹಿಮಕ್ಕೆ ಸಾಕು. ಬ್ಯಾಟರಿಯದಾದರೆ ಚಳಿಯಲ್ಲಿ ಅದರ ಶಕ್ತಿ ಕುಗ್ಗುತ್ತದೆ. ಪೆಟ್ರೋಲಿನ ಒಂದು ಹಂತದ ಯಂತ್ರದಲ್ಲಿ ಅಲಗೇ ಹಿಮವನ್ನು ಬಾಚಿ ಎಸೆಯುತ್ತದೆ. ಸಮತಟ್ಟಾದ ನೆಲದಲ್ಲಿ ಏಳೆಂಟು ಅಂಗುಲದವರೆಗೆ ಉತ್ತಮ. ಆದರೆ ಅಲಗು ನೆಲಕ್ಕೆ ತಾಗುವುದರಿಂದ ಜಲ್ಲಿಯ ದಾರಿಗೆ ಸಲ್ಲದು. ಎರಡು ಹಂತದ್ದರಲ್ಲಿ ಉಕ್ಕಿನ ಸುರುಳಿ ಹಿಮವನ್ನು ಕಡಿದು ಒಳಗೆಳೆಯುತ್ತದೆ, ಹಿಂದಿನ ಬೀಸುಚಕ್ರ ಅದನ್ನು ಕೊಳವೆಯಿಂದ ದೂರಕ್ಕೆ ತೂರುತ್ತದೆ. ನಗರಸಭೆಯ ಲಾರಿ ಬೀದಿಯ ಹಿಮವನ್ನು ತಳ್ಳಿ ಮನೆಯ ದಾರಿಯ ಬಾಯಿಗೆ ಕಲ್ಲಿನಂತಹ ದಿಬ್ಬ ಕಟ್ಟಿ ಹೋಗುತ್ತದಲ್ಲ, ಅದನ್ನು ಒಡೆಯಲು ಇದೇ ಬೇಕು.

ಏಳುನೂರಕ್ಕೆ ಹೊಸ ಎರಡು ಹಂತದ್ದು ಸಿಗುವಂತಿರಲಿಲ್ಲ. ಮೇಸ್ತ್ರಿ ಮೂಲೆಯಲ್ಲಿದ್ದ ಹಳೆಯದೊಂದನ್ನು ತೋರಿಸಿದರು; ಅಗಲ 24 ಅಂಗುಲ, ಬೆಲೆ 550 ಡಾಲರು. ಬಣ್ಣ ಮಾಸಿತ್ತು. ನಾವು ಬಗ್ಗಿ ನೋಡಿದೆವು. ಗೇರ್ ಪೆಟ್ಟಿಗೆ ಎರಕದ ಕಬ್ಬಿಣದ್ದು, ಎಣ್ಣೆ ಸೋರಿರಲಿಲ್ಲ, ತಗಡು ದಪ್ಪ, ಹಗ್ಗವೆಳೆದೊಡನೆ ತಣ್ಣಗಿದ್ದ ಎಂಜಿನು ಸದ್ದು ಮಾಡಿತು. ಸುರುಳಿಯಲ್ಲಿ ಶಿಯರ್ ಪಿನ್ ಎಂಬ ಮೊಳೆಯಿದೆ. ಕಲ್ಲು ಸಿಕ್ಕಿದರೆ ಅದು ತಾನು ಮುರಿದು ಗೇರನ್ನು ಉಳಿಸುತ್ತದೆ, ಬೆಲೆ ಅತ್ಯಲ್ಪ. ಬಿಡಿಭಾಗಗಳೆಲ್ಲ ಆ ಮಳಿಗೆಯಲ್ಲಿಯೇ ದೊರೆಯುತ್ತಿದ್ದವು. ಅಳಿಯನು ನಮ್ಮ ಮುಖ ನೋಡಿದನು, ನಾವು ತಲೆಯಾಡಿಸಿದೆವು.

ಡಿಸೆಂಬರಿನಲ್ಲಿ ಒಂದು ರಾತ್ರಿ ಹಿಮ ಮೊಣಕಾಲಿನವರೆಗೆ ಬಿತ್ತು. ಅಳಿಯನು ಯಂತ್ರ ಹೂಡಿದನು. ಅರ್ಧ ದಾರಿ ಸಾಗಿದಾಗ ಒದ್ದೆ ಹಿಮ ಕೊಳವೆಯಲ್ಲಿ ಕಟ್ಟಿಕೊಂಡಿತು. ಅವನು ಎಂಜಿನನ್ನು ನಿಲ್ಲಿಸಿ ಕೈಯನ್ನು ಕೊಳವೆಯತ್ತ ಚಾಚಿದನು. ನಾವು ತರಗತಿಯಲ್ಲಿಯೂ ಎಂದೂ ಕೂಗದ ಸ್ವರದಲ್ಲಿ ಕೂಗಿದೆವು. ಎಂಜಿನು ನಿಂತರೂ ಬೀಸುಚಕ್ರದಲ್ಲಿ ಬಿಗಿದ ಬಲ ಉಳಿದಿರಬಹುದು, ಕಟ್ಟು ಬಿಚ್ಚಿದೊಡನೆ ಅದು ತಿರುಗಿ ಬೆರಳು ಕೊಂಡೊಯ್ಯುತ್ತದೆ ಎಂದು ಮೇಸ್ತ್ರಿ ಹೇಳಿದ್ದರು. ಅಳಿಯನು ನಾಚಿ, ಯಂತ್ರಕ್ಕೇ ಸಿಕ್ಕಿಸಿದ್ದ ಕೋಲಿನಿಂದ ಹಿಮವನ್ನು ಬಿಡಿಸಿದನು.

ನಮ್ಮ ದಾರಿ ತೆರವಾದ ಮೇಲೆ ಅವನು ಯಂತ್ರವನ್ನು ಪಕ್ಕದ ಮನೆಯತ್ತ ತಿರುಗಿಸಿದನು. ಗಂಡನನ್ನು ಕಳೆದುಕೊಂಡ ಆ ಅಜ್ಜಿ ಕಿಟಕಿಯ ಗಾಜಿನ ಹಿಂದೆ ಕೈಯೆತ್ತಿ ನಿಂತಿದ್ದರು. ಮಗಳು ಕೂಸನ್ನೆತ್ತಿಕೊಂಡು ಒಳಗಿನಿಂದಲೇ ನೋಡುತ್ತಿದ್ದಳು. ಸಲಿಕೆ ಗೋಡೆಗೆ ಒರಗಿತ್ತು.

ನಾವು ಹೊರಡುವ ಮುನ್ನ ಅಳಿಯನಿಗೆ ಒಂದು ಕಾಗದ ಬರೆದಿಟ್ಟು ಬಂದೆವು: ಹಿಮಗಾಲ ಮುಗಿದೊಡನೆ ಪೆಟ್ರೋಲನ್ನು ಖಾಲಿ ಮಾಡತಕ್ಕದ್ದು, ಹಳೆಯ ಪೆಟ್ರೋಲು ಕಾರ್ಬ್ಯುರೇಟರನ್ನು ಕೆಡಿಸುತ್ತದೆ, ಎಣ್ಣೆ ಬದಲಾಯಿಸತಕ್ಕದ್ದು, ನಾಲ್ಕು ಶಿಯರ್ ಪಿನ್ ಸದಾ ಮನೆಯಲ್ಲಿರತಕ್ಕದ್ದು, ಕೈ ಎಂದಿಗೂ ಕೊಳವೆಗೆ ಹೋಗಕೂಡದು. ಕೊಳ್ಳುವಾಗ ಯಂತ್ರದ ಬಾಳಿಕೆಯ ಅರ್ಧವನ್ನಷ್ಟೇ ಕೊಳ್ಳಬಹುದು. ಉಳಿದರ್ಧ ಇಟ್ಟುಕೊಂಡವನ ಕೈಯಲ್ಲಿದೆ.

ಊರಿಗೆ ಮರಳಿದ ಮಾರನೆಯ ದಿನ ಅಟ್ಟದಿಂದ ತೀರ್ಥರೂಪರ ಔಷಧಿಯ ಪಂಪನ್ನು ಇಳಿಸಿ, ತೊಳೆದು, ಎಣ್ಣೆ ಹಚ್ಚಿಟ್ಟೆವು.